ಓದುಗರ ಪ್ರಶ್ನೆ: ಮೆಕ್ಸಿಕೋದಲ್ಲಿ ಹಿರಿಯರಿಗೆ ಎಡೆ

ಪ್ರಶ್ನೆ: ಆಟಿ ತಿಂಗಳಲ್ಲಿ ನಾವು ಗತಿಸಿದ ಹಿರಿಯರಿಗೆ ಬಾಳೆಲೆಯಲ್ಲಿ ಬಡಿಸುತ್ತೇವೆ. ಮೆಕ್ಸಿಕೋದಲ್ಲಿಯೂ ಇಂಥ ಪದ್ಧತಿ ಇದೆಯಂತೆ. ಅಲ್ಲಿ ಏನೇನು ಬಡಿಸುತ್ತಾರೆ? ಪೇಟೆಯಲ್ಲಿ ಏನು ಮಾರುತ್ತಾರೆ?
– ಓದುಗರೊಬ್ಬರು, ಉಡುಪಿ

ಉತ್ತರ: ಇದೆ. ಅಲ್ಲಿ ತೀರಿಕೊಂಡ ಮಕ್ಕಳನ್ನು ನವೆಂಬರ್ 1ರಂದೂ ದೊಡ್ಡವರನ್ನು 2ರಂದೂ ಮನೆಗೆ ಬರಮಾಡಿಕೊಳ್ಳುತ್ತಾರೆ; ಅದೇ 2ರಂದು ಮಂಗಳೂರಿನ ಕ್ಯಾಥೊಲಿಕರೂ ಸಮಾಧಿಗಳ ಮೇಲೆ ಮೊಂಬತ್ತಿ ಹಚ್ಚುತ್ತಾರೆ. ‘ಓಫ್ರೆಂಡಾ’ ಎಂಬ ಎಡೆಯ ಮೇಜಿನ ಮೇಲೆ ದೂರದಿಂದ ಬಂದವರ ದಾಹಕ್ಕೆ ನೀರು, ಉಪ್ಪು, ಕೋಪಾಲ್ ಎಂಬ ಮರದಂಟಿನ ಧೂಪ, ಜೊತೆಗೆ ಅಗಲಿದವರು ಬದುಕಿದ್ದಾಗ ಇಷ್ಟಪಟ್ಟು ಉಣ್ಣುತ್ತಿದ್ದ ಅಡುಗೆ ಇರುತ್ತದೆ.

ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು ತಮಾಲೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ರುಬ್ಬಿ, ಒಳಗೆ ಮಾಂಸವನ್ನೋ ಮೆಣಸಿನ ಗೊಜ್ಜನ್ನೋ ಇಟ್ಟು, ತೆನೆಯ ಸಿಪ್ಪೆಯಲ್ಲಿ, ಓಹಾಕಾದಂಥ ದಕ್ಷಿಣದ ಸೀಮೆಯಲ್ಲಾದರೆ ಬಾಳೆಲೆಯಲ್ಲಿ, ಸುತ್ತಿ ಹಬೆಯಲ್ಲಿ ಬೇಯಿಸುವ ಕ್ರಮವನ್ನು ಕಂಡರೆ ನಮ್ಮ ಅರಿಶಿನ ಎಲೆಯ ಕಡುಬು ನೆನಪಾಗದಿರದು. ಯುಕಾತಾನ್‌ನಲ್ಲಿ ದೊಡ್ಡ ತಮಾಲೆಯನ್ನು ನೆಲದ ಗುಂಡಿಯ ಕೆಂಡದಲ್ಲಿ ಹೂತು ಬೇಯಿಸುತ್ತಾರೆ. ಬೆಲ್ಲದ ಪಾಕದಲ್ಲಿ ಬೆಂದ ಸಿಹಿಗುಂಬಳವೂ ಉಂಟು.

ಪೇಟೆಯಲ್ಲಿ ಮೂಳೆಯಾಕಾರದ ಹಿಟ್ಟನ್ನು ಮೇಲಿಟ್ಟು ಸುಟ್ಟ ಸಿಹಿ ಬ್ರೆಡ್ಡು ‘ಪಾನ್ ದೆ ಮುಯೆರ್ತೊ’ ಮತ್ತು ಹಣೆಯ ಮೇಲೆ ಹೆಸರು ಬರೆದ ಸಕ್ಕರೆಯ ತಲೆಬುರುಡೆಗಳು ಸಿಗುತ್ತವೆ; ತೊಲೂಕಾ ನಗರದಲ್ಲಿ ಈ ಸಕ್ಕರೆ ಬೊಂಬೆಗಳಿಗೆಂದೇ ಜಾತ್ರೆ ನಡೆಯುತ್ತದೆ. ರಾಶಿ ರಾಶಿಯಾಗಿ ಮಾರಾಟವಾಗುವ ಕಿತ್ತಳೆ ಬಣ್ಣದ ಹೂವಿನ ಎಸಳುಗಳನ್ನು, ಬರುವವರಿಗೆ ದಾರಿ ಕಾಣಲೆಂದು, ಬಾಗಿಲಿನಿಂದ ಎಡೆಯವರೆಗೆ ಚೆಲ್ಲುತ್ತಾರೆ. ಆ ಹೂವು ಬೇರಾವುದೂ ಅಲ್ಲ, ಮೆಕ್ಸಿಕೋದ ಸೀಮೆಯಿಂದಲೇ ಲೋಕಕ್ಕೆಲ್ಲ ಹರಡಿದ ನಮ್ಮ ಗೊಂಡೆ ಹೂವು.