ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಸೀಟು ಎಗರುತ್ತದೆ, ಏನು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಜ್ಜನ ಕಾಲದ 1974ರ ಅಂಬಾಸಿಡರ್ ಮಾರ್ಕ್ 2 ಗದಗಿನ ಮನೆಯಲ್ಲಿದೆ. ಎಂಜಿನ್ ಚೆನ್ನಾಗಿದೆ. ಆದರೆ ಸಣ್ಣ ಗುಂಡಿಗೂ ಹಿಂದೆ ಕೂತವರು ಎಗರುತ್ತಾರೆ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅಮ್ಮನಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಒಬ್ಬ ಮಿಸ್ತ್ರಿ ಹಿಂದೆ ಒಂದು ಪಟ್ಟಾ (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿ) ಜಾಸ್ತಿ ಹಾಕೋಣ ಅಂದಿದ್ದಾರೆ. ಇನ್ನೊಬ್ಬರು ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಹಾಕಿಸಿ ಅಂದರು. ಮೂರನೆಯವರು ಪಟ್ಟಾನೇ ತೆಗೆದು ಕಾಯಿಲ್ ಸ್ಪ್ರಿಂಗ್ ಕೂರಿಸೋಣ ಅಂದರು. ಯಾವುದು ಸರಿ?

ಸದ್ಯಕ್ಕೆ ಮೂರೂ ಬೇಡ. ಈ ಗಾಡಿಗೆ ಹೊಸದಾಗಿ ಏನಾದರೂ ಸೇರಿಸುವ ಮೊದಲು, ಇರುವುದು ಸರಿಯಾಗಿ ಆಡುತ್ತಿದೆಯಾ ಅಂತ ನೋಡಿ. ಅಂಬಾಸಿಡರ್ ಮೂಲತಃ ಮೆತ್ತನೆಯ ಗಾಡಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ವಿನ್ಯಾಸವನ್ನೇ ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. 2014ರಲ್ಲಿ ನಿಲ್ಲಿಸುವವರೆಗೂ ಹಿಂದೆ ಪಟ್ಟಾ ಕಮಾನನ್ನೇ, ಅಂದರೆ ಪಟ್ಟಾಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗನ್ನೇ, ಉಳಿಸಿಕೊಂಡಿತು. ಅದೇ ಕಮಾನಿನ ಮೇಲೆ ನಮ್ಮ ಕಡೆ ಮಂದಿ ಎಂಟೆಂಟು ಜನ ಕೂತು ಮದುವೆಗೆ ಹೋಗಿ ಬಂದಿದ್ದಾರೆ, ಯಾರ ಸೊಂಟವೂ ಹೋಗಲಿಲ್ಲ. ಹಾಗಾಗಿ ದೋಷ ವಿನ್ಯಾಸದ್ದಲ್ಲ. ಐವತ್ತು ವರ್ಷದ ತುಕ್ಕು, ಒಣಗಿದ ರಬ್ಬರ್, ಗಟ್ಟಿಯಾದ ಟೈರ್, ಆಗಾಗ ಯಾರೋ ಸೇರಿಸಿದ ಬೇಡದ ಸಾಮಾನು, ಇವೇ ಕಾರಣ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಗಾಡಿ ಎರಡು ಥರ ತೊಂದರೆ ಕೊಡುತ್ತದೆ. ಒಂದು ತೇಲಾಟ: ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ಮೇಲೆ ಕೆಳಗೆ ಆಡುವುದು. ಇನ್ನೊಂದು ಏಟು: ಸಣ್ಣ ಗುಂಡಿಗೂ ಸೀಟಿನಡಿ ಯಾರೋ ಗುದ್ದಿದಂತಾಗುವುದು. ಅಣ್ಣಿಗೇರಿ, ನವಲಗುಂದ ಕಡೆಯ ಎರೆಭೂಮಿಯ ರಸ್ತೆಗಳಲ್ಲಿ ತೇಲಾಟ ಬೇಗ ಗೊತ್ತಾಗುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಡಾಂಬರು ಗಟ್ಟಿ ಇದ್ದರೂ ರಸ್ತೆ ಅಲೆ ಅಲೆಯಾಗಿರುತ್ತದೆ. ತೇಲಾಟಕ್ಕೆ ಶಾಕ್ ಅಬ್ಸಾರ್ಬರ್ ಕಾರಣ. ಏಟಿಗೆ ಟೈರು, ಬುಶ್ (ಕೀಲುಗಳಲ್ಲಿರುವ ರಬ್ಬರ್ ಉಂಗುರ), ಅಂಟಿಕೊಂಡ ಪಟ್ಟಾ ಕಾರಣ. ನೀವು ಬರೆದಿರುವುದು ಏಟಿನ ಬಗ್ಗೆ. ಅದಕ್ಕೆ ಶಾಕ್ ಬದಲಾಯಿಸಿದರೆ ದುಡ್ಡು ಹೋಗುತ್ತದೆ, ಏಟು ಉಳಿಯುತ್ತದೆ.

ಟೈರಿನಿಂದ ಶುರು ಮಾಡಿ, ಖರ್ಚಿಲ್ಲದ ಕೆಲಸ. ಪಂಕ್ಚರ್ ಅಂಗಡಿಯಲ್ಲಿ ಕೇಳದೇ 35 ಪಿಎಸ್ಐ ಹೊಡೆದು ಕಳಿಸುತ್ತಾರೆ. ಅಷ್ಟು ಗಾಳಿ ಈ ಗಾಡಿಗೆ ಜಾಸ್ತಿ. ಗಾಡಿಯ ಹ್ಯಾಂಡ್‌ಬುಕ್ಕಿನಲ್ಲಿ ಇರುವಷ್ಟೇ, ಬೆಳಗ್ಗೆ ಟೈರ್ ತಣ್ಣಗಿದ್ದಾಗ ಹಾಕಿಸಿ. ಆಮೇಲೆ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 3112 ಅಂತಿದ್ದರೆ 2012ರ 31ನೇ ವಾರದ ಟೈರು ಅಂತ ಅರ್ಥ. ಟೈರಿನ ಮೇಲಿನ ಗೆರೆಗಳು ಇನ್ನೂ ಸವೆದಿಲ್ಲ ಅಂತ ಅಂಥದ್ದನ್ನೇ ಓಡಿಸುತ್ತಿದ್ದರೆ, ರಬ್ಬರ್ ಹೆಸರಿಗೆ ಮಾತ್ರ ರಬ್ಬರ್. ಗಾಡಿ ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಹಳೆಯ 5.90-15 ಅಳತೆಯ ಕ್ರಾಸ್ ಪ್ಲೈ (ಒಳಗಿನ ದಾರ ಓರೆಯಾಗಿ ಹಾಸಿರುವ) ಟೈರಿನ ಅಡಿ ಚಪ್ಪಟೆಯಾಗಿ, ಮೊದಲ ಕೆಲವು ಕಿಲೋಮೀಟರ್ ದಡದಡ ಅನ್ನುತ್ತದೆ. ಅದನ್ನು ಸಸ್ಪೆನ್ಶನ್ ತೊಂದರೆ ಅಂದುಕೊಳ್ಳಬೇಡಿ. ಈಗಿನ ಕಾರುಗಳಲ್ಲಿರುವ ರೇಡಿಯಲ್ ಟೈರ್ ಹಾಕಿಸಿದರೆ ಪಕ್ಕದ ಗೋಡೆ ಮೆತ್ತಗಿರುವುದರಿಂದ ಸಣ್ಣ ಏಟು ಕಡಿಮೆಯಾಗುತ್ತದೆ. ಆದರೆ ನಾಲ್ಕೂ ಒಟ್ಟಿಗೆ ಹಾಕಿಸಿ, ಹೊರಸುತ್ತಳತೆ ಹಳೆಯದಕ್ಕೆ ಹತ್ತಿರ ಇರಲಿ, ಹಳೆಯ ರಿಮ್ ಆದ್ದರಿಂದ ಟ್ಯೂಬ್ ಇರಲಿ. ಮುಂದೆ ರೇಡಿಯಲ್, ಹಿಂದೆ ಕ್ರಾಸ್ ಪ್ಲೈ ಅಂತೂ ಬೇಡವೇ ಬೇಡ. ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

ಈಗ ಪಟ್ಟಾ. ನಿಮ್ಮ ಸಮಸ್ಯೆ ಬಹುತೇಕ ಇಲ್ಲೇ ಇದೆ ಅಂತ ನನ್ನ ಅನುಮಾನ.

ಪಟ್ಟಾಗಳು ಒಂದರ ಮೇಲೊಂದು ಜಾರಿದರೆ ಮಾತ್ರ ಕಮಾನು ಬಾಗುತ್ತದೆ. ನಡುವೆ ತುಕ್ಕು, ಎರೆಮಣ್ಣಿನ ಧೂಳು ಸೇರಿ ಅಂಟಿಕೊಂಡರೆ ಎಲ್ಲಾ ಪಟ್ಟಾ ಸೇರಿ ಒಂದೇ ದಪ್ಪ ಕಬ್ಬಿಣ. ದೊಡ್ಡ ಗುಂಡಿಗೆ ಬಿದ್ದಾಗ ಬಿಡುತ್ತದೆ, ಸಣ್ಣದಕ್ಕೆ ಅಲ್ಲಾಡುವುದೇ ಇಲ್ಲ. ಆ ಏಟೆಲ್ಲಾ ಸೀದಾ ಬಾಡಿಗೆ, ಬಾಡಿಯಿಂದ ಸೀಟಿಗೆ. ಹಿಂದಿನ ಸೀಟು ಆಕ್ಸಲ್ಲಿನ (ಹಿಂದಿನ ಎರಡು ಚಕ್ರಗಳ ಅಚ್ಚಿನ) ಹತ್ತಿರವೇ ಇರುವುದರಿಂದ ಮುಂದೆ ಕೂತವರಿಗಿಂತ ಹಿಂದಿನವರಿಗೇ ಜಾಸ್ತಿ.

ಅಂಟಿದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಬಂಪರ್ ಒತ್ತಿ ನಿಧಾನವಾಗಿ ಕೈ ಬಿಡಿ. ನೆಲದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಈಗ ಇಬ್ಬರು ಸೇರಿ ಬಂಪರ್ ಮೇಲಕ್ಕೆತ್ತಿ, ನಿಧಾನವಾಗಿ ಬಿಟ್ಟು ಮತ್ತೆ ಅಳೆಯಿರಿ. ಕಮಾನು ಸಲೀಸಾಗಿದ್ದರೆ ಎರಡೂ ಅಳತೆ ಹತ್ತಿರ ಹತ್ತಿರ ಬರುತ್ತವೆ. ಒತ್ತಿದಾಗ ಕೆಳಗೇ, ಎತ್ತಿದಾಗ ಮೇಲೇ ನಿಂತುಬಿಟ್ಟರೆ, ಆ ವ್ಯತ್ಯಾಸವೇ ನಿಮ್ಮ ಅಮ್ಮನ ಸೊಂಟನೋವು.

ಹಾಗಿದ್ದರೆ ಎರಡೂ ಕಮಾನು ಇಳಿಸಿ ಬಿಚ್ಚಿಸಬೇಕು. ಹೈವೇ ಬದಿಯಲ್ಲಿ ಲಾರಿ ಪಟ್ಟಾ ಕೆಲಸ ಮಾಡುವವರಿಗೆ ಇದು ಅರ್ಧ ದಿನದ ಮಾತು. ಕಾರ್ ಗ್ಯಾರೇಜಿಗಿಂತ ಅವರೇ ವಾಸಿ, ದಿನವಿಡೀ ಅದೇ ಕೆಲಸ ಅಲ್ವಾ. ಪಟ್ಟಾಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ಸಡಿಲಿಸುವ ಮೊದಲು ಪಟ್ಟಾಗಳನ್ನು ಕ್ಲ್ಯಾಂಪ್‌ನಲ್ಲಿ ಬಿಗಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಸಿಡಿಯುತ್ತವೆ. ಹಾಗಾಗಿ ಮನೆಯಂಗಳದಲ್ಲಿ ನೀವೇ ಕೈ ಹಾಕಬೇಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ. ಕ್ಲ್ಯಾಂಪ್ ಸಡಿಲಿಸಿದಾಗ ಕಬ್ಬಿಣದ ನಡುವಿಂದ ಕೆಂಪು ಪುಡಿ ಉದುರುತ್ತದೆ. ಒಂದೊಂದೇ ಪಟ್ಟಾ ಬೇರೆ ಮಾಡಿ ಬೆರಳಾಡಿಸಿದರೆ, ಗಿಡ್ಡ ಪಟ್ಟಾದ ತುದಿ ಒತ್ತಿದ ಜಾಗದಲ್ಲಿ ಮೇಲಿನ ಪಟ್ಟಾದ ಹೊಟ್ಟೆಯಲ್ಲಿ ಒಂದು ಮೆಟ್ಟಿಲು ಬಿದ್ದಿರುತ್ತದೆ, ಉಗುರು ಸಿಕ್ಕಿಕೊಳ್ಳುವಷ್ಟು. ಬಾಗುವಾಗ ಗಿಡ್ಡ ಪಟ್ಟಾ ಆ ಮೆಟ್ಟಿಲನ್ನು ಹತ್ತಬೇಕು, ಅಲ್ಲೇ ಹಿಡಿದುಕೊಳ್ಳುತ್ತದೆ. ಸುಮ್ನೆ ಮೇಲಿಂದ ಗ್ರೀಸ್ ಹಚ್ಚಿದರೆ ಉಪಯೋಗವಾಗದೇ ಇರುವುದು ಇದಕ್ಕೇ. ಮೆಟ್ಟಿಲನ್ನು ಗ್ರೈಂಡರಿನಲ್ಲಿ ನಯ ಮಾಡಿಸಿ. ಅಡ್ಡಡ್ಡ ಗೀರು ಉಳಿಯಬಾರದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಮೆಟ್ಟಿಲು ಆಳವಾಗಿದ್ದರೆ ಆ ಪಟ್ಟಾವನ್ನೇ ಬದಲಾಯಿಸಿ. ಗಿಡ್ಡ ಪಟ್ಟಾಗಳ ತುದಿಯ ಚೂಪು ಅಂಚನ್ನು ಉಜ್ಜಿ ದುಂಡಗೆ ಮಾಡಿಸಿ. ತುಕ್ಕು ಪೂರ್ತಿ ತೆಗೆದು ಗ್ರ್ಯಾಫೈಟ್ ಗ್ರೀಸ್ ಹಚ್ಚಿ ಜೋಡಿಸಿ. ತುದಿಗಳ ನಡುವೆ ತೆಳು ಪ್ಲಾಸ್ಟಿಕ್ ಪಟ್ಟಿ ಕೂರಿಸಿದರೆ ಇನ್ನೂ ಒಳ್ಳೆಯದು. ನನ್ನ ಮಾರ್ಕ್ 3ಕ್ಕೆ ಹೀಗೆ ಮಾಡಿಸಿದ ಮೇಲೆ ಧಾರವಾಡದ ಒಳರಸ್ತೆಗಳಲ್ಲಿ ಬೇರೆ ಗಾಡಿಯಲ್ಲಿ ಕೂತಂತೆ ಆಯಿತು.

ಆ ಅಂಗಡಿಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಸಾಹೇಬ್ರ, ಬಿಚ್ಚೇವಿ ಅಂದಮ್ಯಾಲೆ ಒಂದು ಪಟ್ಟಾ ಜಾಸ್ತಿ ಹಾಕೂಣು. ಹತ್ತ ಮಂದಿ ಕುಂತರೂ ಜಗ್ಗೂದಿಲ್ಲ." ಜಗ್ಗುವುದಿಲ್ಲ ನಿಜ, ಜಗ್ಗದಿರುವುದೇ ಈಗಿನ ರೋಗ. ಲೆಕ್ಕ ನೋಡಿ. ಆರು ಪಟ್ಟಾ ಇರುವ ಕಮಾನಿಗೆ ಅಂಥದ್ದೇ ಏಳನೆಯದು ಸೇರಿಸಿದರೆ ಗಡಸುತನ ಸುಮಾರು ಆರನೇ ಒಂದು ಭಾಗ ಏರುತ್ತದೆ. ದಪ್ಪದ ಲೆಕ್ಕ ಇನ್ನೂ ಕೆಟ್ಟದ್ದು, ಅದು ಘನದಲ್ಲಿ ಏರುತ್ತದೆ. 6 ಮಿ.ಮೀ. ಜಾಗದಲ್ಲಿ 7 ಮಿ.ಮೀ. ಪಟ್ಟಾ ಹಾಕಿದರೆ ಆ ಪಟ್ಟಾ ಶೇ 60ರಷ್ಟು ಗಟ್ಟಿ. ಕೈಗೆ ಒಂದೇ ಥರ ಕಾಣುವ ಎರಡು ಪಟ್ಟಾಗಳ ನಡುವೆ ಇಷ್ಟು ಅಂತರ. ಬದಲಿಗೆ ನೀವೇ ಪಟ್ಟಾ ಎಣಿಸಿ. ಎಡ ಬಲ ಸಮ ಇದೆಯಾ, ಬೇರೆ ದಪ್ಪದ್ದು ಸೇರಿದೆಯಾ ನೋಡಿ. ಟ್ಯಾಕ್ಸಿ ಓಡಿಸಿದ ಗಾಡಿಗಳಲ್ಲಿ ಹಿಂದೆ ಯಾರೋ ಹಾಕಿದ ಹೆಚ್ಚುವರಿ ಪಟ್ಟಾ ಇರುವುದು ಅಪರೂಪವಲ್ಲ. ಇದ್ದರೆ ಅದನ್ನು ತೆಗೆಯುವುದೇ ನಿಮ್ಮ ಅರ್ಧ ಪರಿಹಾರ.

ಕಮಾನು ಕುಸಿದು ಗಾಡಿ ಹಿಂದೆ ಕೂತಿದ್ದರೆ ಬಾಗು ಎತ್ತಿಸಬೇಕಾಗುತ್ತದೆ. ತಣ್ಣಗಿದ್ದಾಗಲೇ ಬಡಿದು ಬಾಗಿಸುವವರ ಹತ್ತಿರ ಮಾಡಿಸಿ. ಕೆಂಪಗೆ ಕಾಯಿಸಿ ಅಂದಾಜಿನಲ್ಲಿ ನೀರಿಗೆ ಅದ್ದಿದರೆ ಉಕ್ಕಿನ ಹದ ಕೆಡುತ್ತದೆ. ಒಂದೋ ಮತ್ತೆ ಕೂರುತ್ತದೆ, ಇಲ್ಲಾ ಮುರಿಯುತ್ತದೆ.

ವಾಪಸ್ ಜೋಡಿಸುವಾಗ ಕಮಾನಿನ ತುದಿಯ ದುಂಡು ಕಣ್ಣಿನ ಬುಶ್, ಶ್ಯಾಕಲ್ (ಕಮಾನಿನ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ) ಬುಶ್ ಹೊಸದು ಹಾಕಿಸಿ. ಇಲ್ಲಿ ಬಹಳ ಮಿಸ್ತ್ರಿಗಳು ಬಿಡುವ ಒಂದು ಹೆಜ್ಜೆ ಇದೆ. ಗಾಡಿ ಜಾಕ್ ಮೇಲಿದ್ದು ಚಕ್ರ ನೇತಾಡುತ್ತಿರುವಾಗ ನಟ್ ಪೂರ್ತಿ ಬಿಗಿ ಮಾಡಬಾರದು. ಮಾಡಿದರೆ ಗಾಡಿ ಕೆಳಗಿಳಿದ ತಕ್ಷಣ ರಬ್ಬರ್ ತಿರುಚಿಕೊಂಡು, ನಿಂತಲ್ಲೇ ಎಳೆತದಲ್ಲಿರುತ್ತದೆ. ಹೊಸ ಬುಶ್ ಇದ್ದರೂ ಗಡಸು, ಬೇಗ ಹರಿಯುವುದು ಬೇರೆ. ನಟ್ ಅರ್ಧ ಬಿಗಿದು, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಅಲ್ಲಾಡಿಸಿ, ಆಮೇಲೆ ಪೂರ್ತಿ ಬಿಗಿಯಬೇಕು. ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟನ್ನು ಇನ್ನೂರು ಮುನ್ನೂರು ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.

ವಾಟರ್ ಸರ್ವೀಸ್ ಮಾಡಿಸಿದಾಗ ಗಾಡಿಯ ಅಡಿಭಾಗಕ್ಕೆ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ಅಭ್ಯಾಸ ಇದ್ದರೆ ನಿಲ್ಲಿಸಿ. ರಬ್ಬರ್ ಊದಿ ಮೆತ್ತಗಾಗುತ್ತದೆ, ಮೇಲೆ ಧೂಳು ಮೆತ್ತಿಕೊಳ್ಳುತ್ತದೆ. ಎರಡೇ ದಿನ ಸದ್ದು ಕಡಿಮೆ, ಅಷ್ಟೇ.

ಶಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಗ್ಗಿ ನೋಡಿ, ಆಯಿಲ್ ಸೋರಿದ್ದರೆ ಬದಲಾಯಿಸಿ. ಸಲಾಕೆಯಂಥ ಕೈ ಇರುವ ಹಳೆಯ ಲಿವರ್ ಮಾದರಿಯದು ಇದ್ದರೆ ಬಿಸಾಡುವ ಮೊದಲು ಆಯಿಲ್ ಮಟ್ಟ ನೋಡಿ, ಎಷ್ಟೋ ಸಲ ಆಯಿಲ್ ತುಂಬಿದರೆ ಸಾಕಾಗುತ್ತದೆ. ಬೇರೆ ಕಾರಿನ ಗ್ಯಾಸ್ ಶಾಕ್ ಆ ಕಾರಿನ ತೂಕ, ಆ ಕಾರಿನ ಸ್ಪ್ರಿಂಗಿಗೆ ಮಾಡಿದ್ದು. ಒಳಗಿನ ಗ್ಯಾಸ್ ಒತ್ತಡದಿಂದ ಅದು ಗಾಡಿಯನ್ನು ತುಸು ಮೇಲೆತ್ತುತ್ತದೆ ಕೂಡ. ಉದ್ದ ಹೊಂದದಿದ್ದರೆ ಆಕ್ಸಲ್ ಬಾಡಿಗೆ ಬಡಿಯದಂತೆ ತಡೆಯುವ ಬಂಪ್ ರಬ್ಬರ್ ತಾಗುವ ಮೊದಲೇ ಶಾಕ್ ತಳ ಮುಟ್ಟಿ ಬ್ರ್ಯಾಕೆಟ್ ಕಿತ್ತು ಬರುತ್ತದೆ. ಪಟ್ಟಾ ಸಲೀಸಾದ ಮೇಲೆ ತೇಲಾಟ ಸ್ವಲ್ಪ ಜಾಸ್ತಿ ಕಾಣಿಸಬಹುದು, ಯಾಕೆಂದರೆ ಇಷ್ಟು ದಿನ ತುಕ್ಕೇ ಶಾಕ್‌ನ ಕೆಲಸ ಮಾಡುತ್ತಿತ್ತು. ಶಾಕ್‌ಗೆ ದುಡ್ಡು ಹಾಕುವ ಹೊತ್ತು ಆಗ.

ಮುಂದೆ ಪಟ್ಟಾ ಇಲ್ಲ, ಉದ್ದನೆಯ ಟಾರ್ಶನ್ ಬಾರ್ ಇದೆ. ಆ ಸರಳು ತಿರುಚಿಕೊಳ್ಳುವುದೇ ಸ್ಪ್ರಿಂಗ್ ಕೆಲಸ. ಅದನ್ನು "ಟೈಟ್ ಮಾಡಿಸಿದರೆ" ಗಟ್ಟಿಯಾಗುತ್ತದೆ ಅಂತ ಒಂದು ನಂಬಿಕೆ ಇದೆ. ಆಗುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ. ಸುಮ್ನೆ ಮೂತಿ ಎತ್ತಿಸಿದರೆ ಚಕ್ರ ಗುಂಡಿಗೆ ಇಳಿಯಲು ಜಾಗ ಕಡಿಮೆಯಾಗಿ ಸವಾರಿ ಇನ್ನೂ ಕೆಡುತ್ತದೆ. ಎಡದ ಬಾರ್ ಬಲಕ್ಕೆ ಹಾಕಬಾರದು, ಅದು ಒಂದೇ ದಿಕ್ಕಿಗೆ ತಿರುಚಿಕೊಂಡು ಪಳಗಿರುತ್ತದೆ. ಬಾರ್ ಮೇಲೆ ಉಳಿ, ಪೈಪ್ ರೆಂಚಿನ ಗೀರು ಬೀಳಬಾರದು. ಇನ್ನು ಮುಂಭಾಗದ ಗ್ರೀಸ್ ನಿಪ್ಪಲ್‌ಗಳು, ಅಂದರೆ ಗ್ರೀಸ್ ಒಳಗೆ ಹೊಡೆಯುವ ಸಣ್ಣ ಮೂತಿಗಳು. ಚಕ್ರವನ್ನು ಜಾಕ್ ಮೇಲೆ ಎತ್ತಿಯೇ ಗ್ರೀಸ್ ಹೊಡೆಸಿ, ಭಾರ ಇದ್ದರೆ ಬೇಕಾದ ಕಡೆ ಗ್ರೀಸ್ ಹೋಗುವುದಿಲ್ಲ. ಹಳೆಯ ಕರಿ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಬೇಕು. ಒಂದು ನಿಪ್ಪಲ್ ಕಟ್ಟಿಕೊಂಡಿದ್ದರೆ "ಆಯ್ತು ಸರ್" ಅಂತ ಮುಂದಿನದಕ್ಕೆ ಹೋಗಿಬಿಡುತ್ತಾರೆ, ಅದನ್ನು ನೀವೇ ನಿಂತು ನೋಡಬೇಕು.

ಕಾಯಿಲ್ ಸ್ಪ್ರಿಂಗ್ ಮಾತು. ಪಟ್ಟಾ ಬರೀ ಸ್ಪ್ರಿಂಗ್ ಅಲ್ಲ, ಆಕ್ಸಲ್ಲನ್ನು ಹಿಂದೆ ಮುಂದೆ, ಎಡ ಬಲ ಹೋಗದಂತೆ ಹಿಡಿದಿಟ್ಟಿರುವುದೂ ಅದೇ. ಅದನ್ನು ತೆಗೆದರೆ ಆ ಕೆಲಸಕ್ಕೆ ಬೇರೆ ಸಲಾಕೆಗಳನ್ನು ಗಾಡಿಯ ಬಾಡಿಗೆ ವೆಲ್ಡ್ ಮಾಡಬೇಕು. ಅಂಬಾಸಿಡರಿಗೆ ಬೇರೆ ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಎಲ್ಲಾ ಭಾರ ಹೊರುತ್ತದೆ, ಐವತ್ತು ವರ್ಷದ ತಗಡಿನ ಮೇಲೆ ಅಷ್ಟು ನಂಬಿಕೆ ಇಡಬೇಡಿ. ಇನ್ನೊಂದು, ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಂತ ಬರುತ್ತದೆ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಆ ನಂಬರ್ ತಗೊಂಡರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಹಾಗಾಗಿ ಈಗಲೇ ಓಡಬೇಡಿ. ಆದರೆ ಆ ಬಾಗಿಲನ್ನು ನೀವಾಗಿಯೇ ಮುಚ್ಚಿಕೊಳ್ಳುವುದೂ ಬೇಡ.

ಕೊನೆಗೆ ಸೀಟು. ಇದನ್ನು ಯಾರೂ ಸಸ್ಪೆನ್ಶನ್ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹಳೆಯ ಸೀಟಿನೊಳಗೆ ಸಾಮಾನ್ಯವಾಗಿ ತಂತಿಯ ಸ್ಪ್ರಿಂಗ್ ಚೌಕಟ್ಟು, ಮೇಲೆ ನಾರಿನ ಪದರ ಇರುತ್ತದೆ. ಒಂದೆರಡು ಸ್ಪ್ರಿಂಗ್ ಮುರಿದಾಗ ಕುಶನ್ ಅಂಗಡಿಯವರು ಎಲ್ಲಾ ಕಿತ್ತು ಗಟ್ಟಿ ಫೋಮ್ ತುಂಬಿಬಿಡುತ್ತಾರೆ. ನೋಡಲು ಚಂದ, ಕೂತರೆ ಹಲಗೆ. ನಿಮ್ಮ ಗಾಡಿಯ ಹಿಂದಿನ ಸೀಟು ಎತ್ತಿ ಅಡಿಯಿಂದ ನೋಡಿ. ಸ್ಪ್ರಿಂಗ್ ಇದ್ದರೆ ಮುರಿದವನ್ನಷ್ಟೇ ಬದಲಾಯಿಸಿ, ಮೇಲೆ ನಾರು, ಅದರ ಮೇಲೆ ತೆಳು ಮೆತ್ತನೆಯ ಫೋಮ್ ಹಾಕಿಸಿ. ಅಂಗಡಿಗೆ ಕೊಡುವಾಗಲೇ "ಒಳಗಿನ ಸ್ಪ್ರಿಂಗ್ ತೆಗೀಬ್ಯಾಡ್ರಿ" ಅಂತ ಹೇಳಿಬಿಡಿ. ಸಂಜೆ ಹೋಗಿ ನೋಡುವಷ್ಟರಲ್ಲಿ ಅವು ಗುಜರಿಗೆ ಹೋಗಿರುತ್ತವೆ.