ಜನರಲ್ ಸಾಹೇಬರು ಎಷ್ಟು ಮಾತಾಡಬೇಕು?

ಬದಿಯಡ್ಕದ ಮಾಷ್ಟ್ರಿಗೆ ನಮಸ್ಕಾರ. 'ಟಿವಿಯಲ್ಲಿ ಕೂತವರೆಲ್ಲ ದೇಶದ ಬಗ್ಗೆ ಮಾತಾಡಬಹುದು, ಸೇನೆಯ ಮುಖ್ಯಸ್ಥರು ಮಾತಾಡಿದರೆ ಮಾತ್ರ ತಪ್ಪೇ?' ಅಂತ ಕೇಳಿದ್ದೀರಿ. ಮೇಲಿಂದ, ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರೂ ಚುನಾವಣೆಗೆ ನಿಂತಿದ್ದರಲ್ಲ ಅಂತ ಅವರ ಹೆಸರು ತಂದು ನನ್ನ ಬಾಯಿ ಕಟ್ಟಲು ನೋಡಿದ್ದೀರಿ. ನಮ್ಮ ಕಾಸರಗೋಡಿನ ಪಾಣತ್ತೂರು ದಾಟಿದರೆ ಅವರ ಕೊಡಗು, ಅವರ ಮೇಲೆ ನಮಗೂ ಸ್ವಲ್ಪ ಹಕ್ಕಿದೆ ಬಿಡಿ.

ನಮ್ಮಲ್ಲಿ ಸೇನೆಯ ಸರ್ವೋಚ್ಚ ದಂಡನಾಯಕರು ಯೂನಿಫಾರ್ಮ್ ಹಾಕಿದವರಲ್ಲ, ರಾಷ್ಟ್ರಪತಿ. ಸಂವಿಧಾನದ 53ನೇ ವಿಧಿ ನೋಡಿ. ಬ್ರಿಟಿಷರ ಕಾಲದ ಕಮಾಂಡರ್-ಇನ್-ಚೀಫ್ ಅಂದರೆ ವೈಸ್‌ರಾಯ್ ಬಿಟ್ಟರೆ ಅವನೇ. ದೆಹಲಿಯಲ್ಲಿ ಅವನಿದ್ದ ಬಂಗಲೆಯೇ ಮುಂದೆ ನೆಹರೂ ಇದ್ದ ತೀನ್‌ಮೂರ್ತಿ ಭವನ. ಮನೆ ಹೋಯಿತು, 1955ರಲ್ಲಿ ಆ ಪದವಿಯೂ ಹೋಯಿತು. ಇದೆಲ್ಲ ಸುಮ್ನೆ ಆದದ್ದಲ್ಲ, ಅಲ್ವಾ? 2020ರಲ್ಲಿ ಬಿಪಿನ್ ರಾವತ್ ಅವರು ಮೊದಲ ಸಿಡಿಎಸ್ (ಮೂರೂ ಪಡೆಗಳ ಮೇಲಿನ ರಕ್ಷಣಾ ಸಿಬ್ಬಂದಿ ಮುಖ್ಯಸ್ಥ) ಆದಾಗಲೂ ಸರ್ಕಾರ ಅವರನ್ನು ಸಲಹೆಗಾರರನ್ನಾಗಿ ಮಾಡಿತೇ ಹೊರತು ಮೂರೂ ಪಡೆಗಳ ಮೇಲೆ ಹುಕುಂ ಚಲಾಯಿಸುವ ಅಧಿಕಾರ ಕೊಡಲಿಲ್ಲ.

ಹಾಗಾದರೆ ಬಾಯಿ ಮುಚ್ಚಿ ಕೂರಬೇಕೇ? ಇಲ್ಲ. 1959ರಲ್ಲಿ ಭೂಸೇನಾ ಮುಖ್ಯಸ್ಥರಾಗಿದ್ದ, ಕೊಡಗಿನವರೇ ಆದ ತಿಮ್ಮಯ್ಯನವರಿಗೆ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಬರಲಿಲ್ಲ. ಅವರು ಮೈದಾನದಲ್ಲಿ ಭಾಷಣ ಮಾಡಲಿಲ್ಲ, ಪ್ರಧಾನಿಗೆ ರಾಜೀನಾಮೆ ಬರೆದರು. ನೆಹರೂ ಸಮಾಧಾನ ಹೇಳಿದ ಮೇಲೆ ವಾಪಸ್ ತೆಗೆದುಕೊಂಡರು. ಆಮೇಲೆ ಸಂಸತ್ತಿನಲ್ಲಿ ತಿಮ್ಮಯ್ಯನವರ ಬಗ್ಗೆ ನೆಹರೂ ಆಡಿದ ಮಾತು ಚೆನ್ನಾಗಿರಲಿಲ್ಲ, ಅದು ನನಗೂ ಬೇಸರವೇ. ಆದರೆ ಜಗಳ ಮಾಡುವ ದಾರಿ ತಿಮ್ಮಯ್ಯನವರದ್ದೇ. 2019ರ ಡಿಸೆಂಬರಿನಲ್ಲಿ ರಾವತ್ ಅವರು ಭೂಸೇನಾ ಮುಖ್ಯಸ್ಥರಾಗಿದ್ದಾಗಲೇ ವಿದ್ಯಾರ್ಥಿಗಳ ಪ್ರತಿಭಟನೆಯ ನಾಯಕತ್ವದ ಬಗ್ಗೆ ವೇದಿಕೆಯಲ್ಲಿ ಟೀಕೆ ಮಾಡಿದರು. ನನ್ನ ಮಟ್ಟಿಗೆ ಅದು ಬೇಡವಿತ್ತು. ಪ್ರತಿಭಟನೆ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು.

ಕಾರ್ಯಪ್ಪನವರು 1971ರಲ್ಲಿ ಚುನಾವಣೆಗೆ ನಿಂತದ್ದು ನಿಜ, ಮುಂಬೈಯಲ್ಲಿ ಸೋತದ್ದೂ ನಿಜ. ಆದರೆ ಅವರು ನಿವೃತ್ತರಾದದ್ದು 1953ರಲ್ಲಿ! ನಿಮ್ಮೂರಿನ ಬ್ರಹ್ಮಕಲಶ ಸಮಿತಿಗೆ ನಿವೃತ್ತ ಸುಬೇದಾರರೇ ಅಧ್ಯಕ್ಷರು, ಲೆಕ್ಕ ಪೈಸೆಗೆ ಪೈಸೆ ಸರಿ ಇದೆ ಅಂತ ಬರೆದಿದ್ದೀರಿ. ಖುಷಿಯಾಯಿತು. ಅವರ ಕೈಯಲ್ಲಿ ಈಗ ರಸೀದಿ ಪುಸ್ತಕ ಇದೆ, ಪಲ್ಟನ್ ಇಲ್ಲ.

ನನಗೆ ತಲೆಬಿಸಿ ಇರುವುದು ಬೇರೆ ಕಡೆ. ಭೂಸೇನಾ ಮುಖ್ಯಸ್ಥರಾಗಿದ್ದ ವಿ.ಕೆ. ಸಿಂಗ್ 2012ರಲ್ಲಿ ನಿವೃತ್ತರಾಗಿ 2014ಕ್ಕೆ ಗಾಜಿಯಾಬಾದಿನಿಂದ ಗೆದ್ದು ಮಂತ್ರಿಯೂ ಆದರು. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ನಾಳೆ ಟಿಕೆಟ್ ಸಿಗಬಹುದು ಅನ್ನುವ ಆಸೆ ಇದ್ದವರು ಇವತ್ತು ಮಂತ್ರಿಗೆ ಕಹಿ ಸಲಹೆ ಕೊಡುತ್ತಾರಾ? ಯಾವ ಪಕ್ಷವೇ ಆಗಲಿ, ಮುಖ್ಯಸ್ಥರಾಗಿದ್ದವರು ಚುನಾವಣೆಗೆ ನಿಲ್ಲುವ ಮೊದಲು ಐದು ವರ್ಷವಾದರೂ ಕಾಯಲಿ. ಜಾಸ್ತಿ ಆಯಿತು ಅನ್ನಿಸಿದರೆ ಮತ್ತೆ ಬರೆಯಿರಿ, ಹಾಕುತ್ತೇವೆ.

– ಸಂಪಾದಕ