ಆಸಿಲೋಸ್ಕೋಪ್ ಟ್ಯೂಬಿನ ಗಡಿಯಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಆಸಿಲೋಸ್ಕೋಪ್ ಟ್ಯೂಬಿನ ದುಂಡು ಪರದೆಯ ಮೇಲೆ ಎಲೆಕ್ಟ್ರಾನ್ ಕಿರಣದಿಂದಲೇ ಅಂಕಿ ಬರೆಸಿ ಸಮಯ ತೋರಿಸುವ ಗಡಿಯಾರದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಬಹುತೇಕರ ತಲೆಬಿಸಿ ಪ್ರೋಗ್ರಾಂ ಬಗ್ಗೆ. ಆದರೆ ಕೆಲಸ ಕೈಕೊಡುವುದು ಹೆಚ್ಚಾಗಿ ಪವರ್ ಸಪ್ಲೈ ಮತ್ತು ಬ್ಲ್ಯಾಂಕಿಂಗ್ (ಗೆರೆಗಳ ನಡುವೆ ಕಿರಣ ಆರಿಸುವುದು) ಹತ್ತಿರ. ಜಾಗವನ್ನೂ ಅವಕ್ಕೇ ಹೆಚ್ಚು ಕೊಟ್ಟಿದ್ದೇವೆ.

ಪ್ರಶ್ನೆ: ಹಳೆಯ ಟಿವಿಯ ಪಿಕ್ಚರ್ ಟ್ಯೂಬ್ ಇದೆ, ಅದು ಸಾಲದೇ? ಇಲ್ಲವಾದರೆ ಯಾವ ಟ್ಯೂಬ್ ಹುಡುಕಬೇಕು?

ಟಿವಿ ಟ್ಯೂಬಿನಲ್ಲಿ ಕಿರಣವನ್ನು ತಿರುಗಿಸುವುದು ಕುತ್ತಿಗೆಯ ಸುತ್ತಲಿನ ಕಾಯಿಲ್. ಕಾಯಿಲಿನ ಕರೆಂಟನ್ನು ಮೈಕ್ರೋಸೆಕೆಂಡುಗಳಲ್ಲಿ ಬೇಕಾದ ಕಡೆಗೆ ಹಾರಿಸುವುದು ಕಷ್ಟ, ಮೇಲೆ ಆನೋಡಿಗೆ (ಎಲೆಕ್ಟ್ರಾನುಗಳನ್ನು ಎಳೆಯುವ ಪ್ಲಸ್ ತುದಿ) ಹತ್ತಾರು ಸಾವಿರ ವೋಲ್ಟ್ ಬೇರೆ. ಆ ಟ್ಯೂಬಿಗೆ ವಿಡಿಯೋ ಸಿಗ್ನಲ್ ಕೊಟ್ಟು ಟಿವಿಯಾಗಿಯೇ ಓಡಿಸಿ, ಅದರಲ್ಲಿ ಗಡಿಯಾರದ ಚಿತ್ರ ತೋರಿಸಿ. ಹಳೆಯ ಕ್ಯಾಮ್‌ಕಾರ್ಡರಿನ ವ್ಯೂಫೈಂಡರ್ ಟ್ಯೂಬಿಗೂ ಇದೇ ದಾರಿ, ಹೊಸಬರಿಗೆ ಅದು ಒಳ್ಳೆಯ ಆರಂಭವೂ ಹೌದು.

ಗೆರೆ ಎಳೆದು ಅಂಕಿ ಬರೆಯಲು ಬೇಕಾದದ್ದು ಒಳಗೇ ಡಿಫ್ಲೆಕ್ಷನ್ ಪ್ಲೇಟ್ (ವೋಲ್ಟೇಜಿನಿಂದ ಕಿರಣ ತಿರುಗಿಸುವ ಲೋಹದ ತಗಡು) ಇರುವ ಟ್ಯೂಬ್. 2ಎಪಿ1, 3ಬಿಪಿ1, 3ಆರ್‌ಪಿ1, ಡಿಜಿ7-32 ಈ ಜಾತಿಯವು. ಅಮೆರಿಕನ್ ಹೆಸರಿನ ಮೊದಲ ಅಂಕಿ ಪರದೆಯ ಅಗಲ, ಇಂಚಿನಲ್ಲಿ. ಕೊನೆಯ ಪಿ1 ಎಂದರೆ ಹಸಿರು ಫಾಸ್ಫರ್, ಅಂದರೆ ಕಿರಣ ಬಿದ್ದಾಗ ಬೆಳಗುವ ಪರದೆಯ ಲೇಪ. ಯುರೋಪಿನ ಡಿಜಿ7ರಲ್ಲಿ ಜಿ ಹಸಿರು, 7 ಸೆಂಟಿಮೀಟರ್. ಮೊದಲ ಬಾರಿಗೆ ಮಾಡುವವರಿಗೆ ಡಿಜಿ7-32 ಎಂದೇ ನಮ್ಮ ಸಲಹೆ. 500 ವೋಲ್ಟ್‌ನಲ್ಲಿ ನೆಟ್ಟಗೆ ಓಡುತ್ತದೆ, ಕ್ಯಾಥೋಡನ್ನು (ಎಲೆಕ್ಟ್ರಾನ್ ಹೊರಡುವ ತುದಿ) ಕಾಯಿಸುವ ಹೀಟರಿಗೆ 6.3 ವೋಲ್ಟ್, 0.3 ಆಂಪ್ ಸಾಕು. 2ಎಪಿ1ಗೆ 1000 ವೋಲ್ಟ್ ಬೇಕು, ಹೀಟರ್ 0.6 ಆಂಪ್ ಎಳೆಯುತ್ತದೆ.

ಕೊಳ್ಳುವ ಮುಂಚೆ ಮೀಟರಿನಿಂದ ಹೀಟರ್ ನೋಡಿ. 0.6 ಆಂಪ್ ಹೀಟರ್ ಬಿಸಿಯಾದಾಗ 10.5 ಓಮ್, ತಣ್ಣಗಿರುವಾಗ ಅದಕ್ಕಿಂತ ಬಹಳ ಕಡಿಮೆ ತೋರಿಸಿದರೆ ಗಾಬರಿ ಬೇಡ, ಅದೇ ಸರಿ. ಗಾಜಿನೊಳಗೆ ಕನ್ನಡಿಯಂತೆ ಹೊಳೆಯುವ ಗೆಟರ್ ಕಲೆ (ಉಳಿದ ಗಾಳಿಯನ್ನು ಹೀರುವ ಲೋಹದ ಲೇಪ) ಹಾಲಿನ ಬಿಳಿಗೆ ತಿರುಗಿದ್ದರೆ ಗಾಳಿ ಹೊಕ್ಕಿದೆ, ಮುಟ್ಟಬೇಡಿ. ಕುತ್ತಿಗೆ ಹಿಡಿದು ಎತ್ತುವುದು ಬೇಡ. ಟ್ಯೂಬ್ ಕೈಯಲ್ಲಿರುವಷ್ಟು ಹೊತ್ತೂ ಕಣ್ಣಿಗೆ ಕನ್ನಡಕ ಇರಲಿ.

ಪ್ರಶ್ನೆ: ನಿಕ್ಸಿ (ಅಂಕಿಯಾಕಾರದ ತಂತಿ ಬೆಳಗುವ ಹಳೆಯ ಗಾಜಿನ ಟ್ಯೂಬ್) ಗಡಿಯಾರದ 170 ವೋಲ್ಟ್ ಬೋರ್ಡ್ ಇದೆ. ಅದರಿಂದ ಓಡಿಸಬಹುದೇ?

ಆಗದು. ಡಿಫ್ಲೆಕ್ಷನ್ನಿಗೇ ಅದು ಸಾಲದು, ಆನೋಡಿನ ಮಾತು ದೂರವೇ ಉಳಿಯಿತು.

ಪ್ರಶ್ನೆ: ಹಾಗಾದರೆ 2ಎಪಿ1ಗೆ ಪವರ್ ಸಪ್ಲೈ ಹೇಗೆ ಕಟ್ಟುವುದು? ಮೈನಸ್ 1000 ವೋಲ್ಟ್ ಎಂದು ಏಕೆ ಹೇಳುತ್ತಾರೆ?

ಪ್ಲೇಟುಗಳು ಆಂಪ್ಲಿಫೈಯರಿಗೆ ನೇರವಾಗಿ ಅಂಟಿಕೊಂಡಿರಬೇಕು. ಅವು 150 ವೋಲ್ಟ್ ಸುತ್ತಮುತ್ತ ಇದ್ದರೆ ಕೆಲಸ ಸುಲಭ. ಹಾಗಾಗಿ ಆನೋಡನ್ನು ನೆಲದ (ಗ್ರೌಂಡ್, 0 ವೋಲ್ಟ್) ಹತ್ತಿರ ಇಟ್ಟು ಕ್ಯಾಥೋಡನ್ನು ಮೈನಸ್ 1000ಕ್ಕೆ ಇಳಿಸುತ್ತಾರೆ. ಇದರಿಂದ ಒಂದು ಕಟ್ಟುಪಾಡು ಬರುತ್ತದೆ. ಹೀಟರನ್ನು ಕ್ಯಾಥೋಡಿಗೆ ಸೇರಿಸಲೇಬೇಕು, ಇಲ್ಲದಿದ್ದರೆ ಅವೆರಡರ ನಡುವೆ ಸಾವಿರ ವೋಲ್ಟ್ ನಿಂತು ಒಳಗೇ ಕಿಡಿ ಹಾರುತ್ತದೆ. ಸೇರಿಸಿದ ಮೇಲೆ ಹೀಟರಿನ ಸುರುಳಿಯೂ ಮೈನಸ್ 1000ದಲ್ಲಿ ತೇಲುತ್ತದೆ. ಮಾಮೂಲಿ 6.3 ವೋಲ್ಟ್ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಇದಕ್ಕೆಂದು ಮಾಡಿದ್ದಲ್ಲ. ಆ ಸುರುಳಿ ಪ್ರತ್ಯೇಕವಾಗಿರಲಿ, 2500 ವೋಲ್ಟ್‌ಗೆ ಪರೀಕ್ಷಿಸಿದ್ದಾಗಿರಲಿ.

220 ವೋಲ್ಟಿನ ಒಂದೇ ಸುರುಳಿಯಿಂದ ಎರಡೂ ಹೈ ವೋಲ್ಟೇಜ್ ಪಡೆಯಬಹುದು. ನೇರ ರೆಕ್ಟಿಫೈ ಮಾಡಿದರೆ (ಎಸಿಯನ್ನು ಡಿಸಿ ಮಾಡಿದರೆ) ಸುಮಾರು 310 ವೋಲ್ಟ್, ಡಿಫ್ಲೆಕ್ಷನ್ನಿಗೆ. ನಾಲ್ಕು 1ಎನ್4007 ಡಯೋಡು, ನಾಲ್ಕು ಕೆಪಾಸಿಟರಿನ ಎರಡು ಹಂತದ ವೋಲ್ಟೇಜ್ ಮಲ್ಟಿಪ್ಲೈಯರಿನಿಂದ ಲೋಡ್ ಇಲ್ಲದಾಗ ಮೈನಸ್ 1240. ಅನೇಕರು ಎಡವುವುದು ಇಲ್ಲೇ. ಹೈ ವೋಲ್ಟೇಜ್ ಎಂದರೆ ಸಣ್ಣ ಕೆಪಾಸಿಟರ್ ಸಾಕೆಂದು 0.1 ಮೈಕ್ರೋಫ್ಯಾರಡ್ ಹಾಕುತ್ತಾರೆ. 50 ಹರ್ಟ್ಸ್‌ನಲ್ಲಿ ಅರ್ಧ ಮಿಲಿಆಂಪ್ ಎಳೆದರೆ ಅದರ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಲೆಕ್ಕಕ್ಕೆ 300 ವೋಲ್ಟ್ ಬರುತ್ತದೆ! 1 ಮೈಕ್ರೋಫ್ಯಾರಡ್, 1000 ವೋಲ್ಟಿನವು ಹಾಕಿ: ರಿಪಲ್ 30ಕ್ಕೆ ಇಳಿಯುತ್ತದೆ. ಅದರ ಮುಂದೆ 220 ಕಿಲೋಓಮ್ ಮತ್ತು 1600 ವೋಲ್ಟ್ ತಡೆಯುವ ಇನ್ನೊಂದು 1 ಮೈಕ್ರೋಫ್ಯಾರಡ್ ಇಟ್ಟರೆ ಒಂದು ವೋಲ್ಟಿಗಿಂತ ಕಡಿಮೆ ಉಳಿಯುತ್ತದೆ, ಕೈಗೆ ಸುಮಾರು 1050 ವೋಲ್ಟ್ ಸಿಗುತ್ತದೆ.

ಈ ವೋಲ್ಟೇಜನ್ನು ಟ್ಯೂಬಿನ ಕಾಲುಗಳಿಗೆ ಹಂಚುವ ರೆಸಿಸ್ಟರ್ ಸರಪಣಿ ಹೀಗೆ: ಮೈನಸ್ ತುದಿಯಿಂದ 220 ಕಿಲೋಓಮ್ ಬ್ರೈಟ್‌ನೆಸ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಅದರ ನಡುಗಾಲು ಕ್ಯಾಥೋಡಿಗೆ. ಬಳಿಕ 220 ಕಿಲೋಓಮ್, 500 ಕಿಲೋಓಮ್ ಫೋಕಸ್ ಪಾಟ್, ಕೊನೆಗೆ 330 ಕಿಲೋಓಮಿನ ಮೂರು ರೆಸಿಸ್ಟರ್ ಸಾಲಾಗಿ ನೆಲಕ್ಕೆ. ಒಂದೇ 1 ಮೆಗಾಓಮ್ ಬೇಡ, ಏಕೆಂದರೆ ಕಾಲು ವಾಟಿನ ರೆಸಿಸ್ಟರ್ ಸಾಮಾನ್ಯವಾಗಿ 250 ವೋಲ್ಟ್‌ವರೆಗೆ ಮಾತ್ರ. ವಾಟ್ ಲೆಕ್ಕ ಸರಿಯಿದ್ದರೂ ವೋಲ್ಟಿನಿಂದ ಸಾಯುತ್ತದೆ. 2ಎಪಿ1ರ ಫೋಕಸ್ ಕ್ಯಾಥೋಡಿನಿಂದ 250 ವೋಲ್ಟ್ ಆಸುಪಾಸಿನಲ್ಲಿ ಕೂರುತ್ತದೆ, ಈ ಪಾಟಿನ ವ್ಯಾಪ್ತಿಯಲ್ಲೇ. ಎರಡೂ ಪಾಟುಗಳು ನೂರಾರು ವೋಲ್ಟ್ ನೆಗೆಟಿವ್‌ನಲ್ಲಿ ಕೂತಿರುತ್ತವೆ, ಆದ್ದರಿಂದ ದಂಡ ಪ್ಲಾಸ್ಟಿಕ್ಕಿನದೇ ಆಗಬೇಕು.

ಕೊನೆಯ ಆ 1 ಮೈಕ್ರೋಫ್ಯಾರಡ್‌ನಲ್ಲೇ ಅರ್ಧ ಜೂಲಿಗಿಂತ ಹೆಚ್ಚು ಶಕ್ತಿ ಕೂತಿದೆ. ಅದರ ಮೇಲೆ 2.2 ಮೆಗಾಓಮಿನ ಐದು ರೆಸಿಸ್ಟರ್ ಸಾಲು ಕಾಯಂ ಆಗಿ ಇರಲಿ. ಸರಪಣಿ ಎಲ್ಲೋ ಬಿಟ್ಟುಹೋದರೂ ಒಂದು ನಿಮಿಷದಲ್ಲಿ ಖಾಲಿಯಾಗುತ್ತದೆ. ಪ್ಲಗ್ ಕಿತ್ತು, ಒಂದು ನಿಮಿಷ ಕಾದು, ಮೀಟರಿನಲ್ಲಿ ನೋಡಿ ಆಮೇಲೆ ಕೈ ಹಾಕಿ. ಅಂದಹಾಗೆ 600 ವೋಲ್ಟಿನ ಮೀಟರಿನಿಂದ ಇದನ್ನು ಅಳೆಯಬಾರದು. ಹೈ ವೋಲ್ಟೇಜ್ ಪ್ರೋಬ್ ಬೇಕು.

ಪ್ರಶ್ನೆ: ಡಿಫ್ಲೆಕ್ಷನ್ ಆಂಪ್ಲಿಫೈಯರಿಗೆ ಎಂಪಿಎಸ್ಎ42 ಟ್ರಾನ್ಸಿಸ್ಟರ್ ಹಾಕಿದೆ, ಕಾಯ್ದು ಹೋಯಿತು. ಲೋಡ್ 47 ಕಿಲೋಓಮ್.

ಲೆಕ್ಕ ಮಾಡಿ ನೋಡಿ. 300 ವೋಲ್ಟ್ ಸಪ್ಲೈ, ನಡುವೆ 150ರಲ್ಲಿ ನಿಂತರೆ 3.2 ಮಿಲಿಆಂಪ್, ಟ್ರಾನ್ಸಿಸ್ಟರಿನಲ್ಲಿ 0.48 ವಾಟ್. ಅದರ ಮಿತಿ 0.625 ವಾಟ್, ಅದೂ ತಂಪಾದ ಗಾಳಿಯಲ್ಲಿ. ಮುಚ್ಚಿದ ಪೆಟ್ಟಿಗೆಯೊಳಗೆ, ಹೀಟರಿನ ಪಕ್ಕದಲ್ಲಿ ಅಷ್ಟು ತಡೆಯದು. ಲೋಡನ್ನು 100 ಕಿಲೋಓಮಿಗೆ ಏರಿಸಿ, 0.22 ವಾಟಿಗೆ ಇಳಿಯುತ್ತದೆ. ವೇಗವೇ ಬೇಕೆಂದರೆ 47 ಕಿಲೋಓಮನ್ನೇ ಉಳಿಸಿಕೊಂಡು ದೊಡ್ಡ ಟ್ರಾನ್ಸಿಸ್ಟರ್ ಎಂಜೆಇ340 ಹಾಕಿ.

100 ಕಿಲೋಓಮಿಗೆ ತೆರುವ ಬೆಲೆ ವೇಗ. ಪ್ಲೇಟು, ಟ್ರಾನ್ಸಿಸ್ಟರು, ವೈರು ಸೇರಿ 25 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ ಟೈಮ್ ಕಾನ್ಸ್ಟಂಟ್ 2.5 ಮೈಕ್ರೋಸೆಕೆಂಡ್, ಪರದೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಹಾರಿ ಶೇ. 1ರೊಳಗೆ ನೆಲೆಗೊಳ್ಳಲು ಸುಮಾರು 12. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೆ ಸಿಗುವುದು ಹೆಚ್ಚೆಂದರೆ 1400 ಬಿಂದು. ಗಡಿಯಾರಕ್ಕೆ ಧಾರಾಳವಾಯಿತು.

ಎರಡೂ ಪ್ಲೇಟನ್ನು ವಿರುದ್ಧ ದಿಕ್ಕಿಗೆ ಓಡಿಸಿ. ಒಂದನ್ನು ನೆಲಕ್ಕೆ ಕಟ್ಟಿ ಇನ್ನೊಂದನ್ನಷ್ಟೇ ಓಡಿಸಿದರೆ ಅಂಚಿನ ಅಂಕಿಗಳು ಮಸುಕಾಗುತ್ತವೆ. ಎರಡನೇ ಆನೋಡನ್ನು (ಮೇಲೆ ನೆಲದ ಹತ್ತಿರ ಇಟ್ಟದ್ದು) ನೆಲಕ್ಕಲ್ಲ, ಪ್ಲೇಟುಗಳ ಸರಾಸರಿ 150 ವೋಲ್ಟಿಗೆ ಒಂದು ಪಾಟ್ ಮೂಲಕ ಕೊಡಿ. ಅಡ್ಡ ಗೆರೆ ಚೂಪಾದಾಗ ಉದ್ದ ಗೆರೆ ದಪ್ಪಗಾಗುತ್ತಿದ್ದರೆ ತಿರುಗಿಸಬೇಕಾದ್ದು ಆ ಪಾಟನ್ನೇ, ಫೋಕಸನ್ನಲ್ಲ.

ಪ್ರಶ್ನೆ: ಅಂಕಿಗಳಿಗೆ ಬಾಲ ಬರುತ್ತಿದೆ, ಗೆರೆ ಶುರುವಾಗುವ ಕಡೆ ಮಿನುಗು ಚುಕ್ಕೆ. ಜೊತೆಗೆ 1:11 ಆದಾಗ ಒಂದು ಪ್ರಕಾಶ, 20:08 ಆದಾಗ ಇನ್ನೊಂದು. ಪ್ರೋಗ್ರಾಂ ತಪ್ಪೇ?

ಮೂರೂ ಬೇರೆ ಬೇರೆ ರೋಗ.

ಬಾಲಕ್ಕೆ ಕಾರಣ ತಡ. ಡಿಫ್ಲೆಕ್ಷನ್ ಹೊಸ ಜಾಗ ತಲುಪಲು 12 ಮೈಕ್ರೋಸೆಕೆಂಡ್ ಬೇಕು, ಬ್ಲ್ಯಾಂಕಿಂಗ್ ಅಷ್ಟು ಕಾಯದೆ ಕಿರಣ ಹಚ್ಚಿಬಿಡುತ್ತದೆ. ಹೊಸ ಗೆರೆಯ ಆರಂಭಕ್ಕೆ ಹಾರಿದ ಮೇಲೆ ಅಷ್ಟು ಹೊತ್ತು ಕತ್ತಲಲ್ಲೇ ನಿಲ್ಲಿಸಿ, ಆಮೇಲೆ ಹಚ್ಚಿ. ಚುಕ್ಕೆ ಬರುವುದು ಪ್ರೊಸೆಸರ್ ಮುಂದಿನ ಗೆರೆ ಲೆಕ್ಕ ಹಾಕುವವರೆಗೆ ಕಿರಣ ಹಚ್ಚಿಕೊಂಡೇ ನಿಂತಿರುವುದರಿಂದ. ಇಡೀ ಚಿತ್ರವನ್ನು ಮೊದಲೇ ಮೆಮೊರಿಯಲ್ಲಿ ಬಿಂದುಗಳಾಗಿ ಮಾಡಿಟ್ಟು, ಟೈಮರ್ ಇಂಟರಪ್ಟಿನಿಂದ ಸಮ ಅಂತರದಲ್ಲಿ ಹೊರಗೆ ಕಳಿಸಿ.

ಪ್ರಕಾಶ ಬದಲಾಗುವುದು ಹಾರ್ಡ್‌ವೇರ್ ದೋಷ. ಕಿರಣವನ್ನು ಹಚ್ಚಿ ಆರಿಸುವ ಗ್ರಿಡ್ ಮೈನಸ್ 1000ದಲ್ಲಿರುವುದರಿಂದ ಸಿಗ್ನಲನ್ನು ಕೆಪಾಸಿಟರ್ ಮೂಲಕ ದಾಟಿಸಿದ್ದೀರಿ. ಕೆಪಾಸಿಟರ್ ಸರಾಸರಿಯನ್ನು ತಿಂದುಹಾಕುತ್ತದೆ. 1:11ರಲ್ಲಿ ಕಿರಣ ಹೊತ್ತಿರುವ ಕಾಲ ಕಡಿಮೆ, 20:08ರಲ್ಲಿ ಹೆಚ್ಚು. ಸರಾಸರಿ ಸರಿದಂತೆ ಗ್ರಿಡ್ ಮಟ್ಟವೂ ಸರಿಯುತ್ತದೆ. ಮದ್ದು ಒಂದು ಡಯೋಡ್. 10 ನ್ಯಾನೋಫ್ಯಾರಡ್, 2 ಕಿಲೋವೋಲ್ಟ್ ಕೆಪಾಸಿಟರಿನ ಆಚೆ ಗ್ರಿಡ್ಡಿನಿಂದ ಮೈನಸ್ ತುದಿಗೆ 1 ಮೆಗಾಓಮ್, ಅದರ ಪಕ್ಕದಲ್ಲೇ ಬಿಎವಿ21 ಡಯೋಡ್, ಪಟ್ಟಿ ಇರುವ ಕಾಲು ಗ್ರಿಡ್ ಕಡೆಗೆ. ಆಗ ಅಲೆಯ ತಳ ಯಾವಾಗಲೂ ಮೈನಸ್ ತುದಿಗೇ ಅಂಟಿರುತ್ತದೆ. ಬ್ರೈಟ್‌ನೆಸ್ ಪಾಟನ್ನು ಕಿರಣ ಆರಿಹೋಗುವವರೆಗೆ ತಿರುಗಿಸಿ, 2ಎಪಿ1ಗೆ ಸುಮಾರು 60 ವೋಲ್ಟ್. ಬಳಿಕ 40 ವೋಲ್ಟಿನ ಪಾಸಿಟಿವ್ ಪಲ್ಸಿನಿಂದ ಹಚ್ಚಿ.

ಡಯೋಡನ್ನು ತಿರುಗಿಸಿ ಹಾಕಿ ಅಲೆಯ ತಲೆಯನ್ನು ಕಟ್ಟಿಹಾಕುವ ಸರ್ಕ್ಯೂಟುಗಳೂ ಇವೆ. ನಮಗೆ ಅವು ಒಪ್ಪಿಗೆಯಿಲ್ಲ. ಅದರಲ್ಲಿ ಪಲ್ಸ್ ನಿಂತರೆ ಕಿರಣ ಪೂರ್ತಿ ಹೊತ್ತಿಕೊಳ್ಳುತ್ತದೆ. ಪ್ರೊಸೆಸರ್ ಹ್ಯಾಂಗ್ ಆದ ದಿನ ಪರದೆಯ ಮಧ್ಯೆ ತೂತು ಬಿದ್ದಂತೆ ಕಪ್ಪು ಕಲೆ ಉಳಿಯುತ್ತದೆ. ಮೇಲೆ ಹೇಳಿದ ರೀತಿಯಲ್ಲಿ ಪಲ್ಸ್ ನಿಂತರೆ ಕತ್ತಲು.

ಇನ್ನೊಂದು ಮಾತು. ಸ್ವಿಚ್ ಹಾಕಿದ ಕ್ಷಣ ಆ ಕೆಪಾಸಿಟರ್ ಸಾವಿರ ವೋಲ್ಟಿನ ಹೊಡೆತವನ್ನು ನಿಮ್ಮ ಡ್ರೈವರಿಗೆ ದಾಟಿಸುತ್ತದೆ. ನಡುವೆ 10 ಕಿಲೋಓಮ್, ಡ್ರೈವರ್ ಕಡೆ ನೆಲಕ್ಕೂ ಅದರ ಸಪ್ಲೈಗೂ ಒಂದೊಂದು ಕ್ಲ್ಯಾಂಪ್ ಡಯೋಡ್ ಇಡಿ.

ಪ್ರಶ್ನೆ: 12 ಬಿಟ್ ಡಿಎಸಿ ಬೇಕೇ, 8 ಬಿಟ್ ಸಾಕೇ?

ಡಿಎಸಿ ಎಂದರೆ ಪ್ರೊಸೆಸರಿನ ಅಂಕಿಯನ್ನು ವೋಲ್ಟೇಜ್ ಆಗಿಸುವ ಭಾಗ, 8 ಬಿಟ್ ಎಂದರೆ 256 ಮಟ್ಟ. 50 ಮಿಲಿಮೀಟರ್ ಪರದೆಯನ್ನು 256 ಭಾಗ ಮಾಡಿದರೆ ಒಂದು ಹೆಜ್ಜೆ 0.2 ಮಿಲಿಮೀಟರ್. ಕಿರಣದ ಚುಕ್ಕೆಯೇ ಅದಕ್ಕಿಂತ ದಪ್ಪ. ಇಎಸ್‌ಪಿ32 ಮೈಕ್ರೋಕಂಟ್ರೋಲರಿನೊಳಗಿನ ಎರಡು 8 ಬಿಟ್ ಡಿಎಸಿಗಳೇ ಸಾಕು. ಎಸ್3 ಮಾದರಿಯಲ್ಲಿ ಡಿಎಸಿ ಇಲ್ಲ, ಕೊಳ್ಳುವಾಗ ನೋಡಿಕೊಳ್ಳಿ. ಹೊರಗಿನ ಡಿಎಸಿ ಚಿಪ್ ಎಂಸಿಪಿ4922 ಬಳಸುವುದಾದರೆ ಅದರ ಎಲ್‌ಡಿಎಸಿ ಕಾಲನ್ನು ನೆಲಕ್ಕೆ ಕಟ್ಟಿ ಬಿಡಬೇಡಿ. ಎಕ್ಸ್, ವೈ ಎರಡನ್ನೂ ತುಂಬಿದ ಮೇಲೆ ಒಟ್ಟಿಗೆ ಬಿಡುಗಡೆ ಮಾಡದಿದ್ದರೆ ಓರೆ ಗೆರೆಗಳು ಮೆಟ್ಟಿಲಾಗುತ್ತವೆ.

ಪ್ರಶ್ನೆ: ಇಡೀ ಚಿತ್ರ ನೀರಿನಲ್ಲಿದ್ದಂತೆ ತೊನೆಯುತ್ತದೆ.

ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಕಿರಣವನ್ನು ಎಳೆಯುತ್ತಿದೆ. ಚಿತ್ರ ಸೆಕೆಂಡಿಗೆ 60 ಸಲ, ಕರೆಂಟು 50 ಹರ್ಟ್ಸ್ ಆದರೆ ವ್ಯತ್ಯಾಸದ 10 ಸಲ ತೊನೆತ ಕಾಣುತ್ತದೆ. ಮೊದಲು ಟ್ರಾನ್ಸ್‌ಫಾರ್ಮರನ್ನು ಉದ್ದನೆಯ ವೈರಿನಲ್ಲಿ ದೂರ ಸರಿಸಿ ನೋಡಿ. ತೊನೆತ ನಿಂತರೆ ಕಾರಣ ಖಚಿತ. ಪೆಟ್ಟಿಗೆಯೊಳಗೆ ಅದಕ್ಕೆ ಟ್ಯೂಬಿನ ಹಿಂದೆ ಜಾಗ ಕೊಟ್ಟು, ತೊನೆತ ಅತಿ ಕಡಿಮೆಯಾಗುವ ಕೋನಕ್ಕೆ ತಿರುಗಿಸಿ ಬಿಗಿ ಮಾಡಿ. ಟ್ಯೂಬಿನ ಜೊತೆ ಮ್ಯೂ-ಮೆಟಲ್ (ಕಾಂತಕ್ಷೇತ್ರ ತಡೆಯುವ ಮಿಶ್ರಲೋಹ) ಕವಚ ಬಂದಿದ್ದರೆ ಅದನ್ನು ಬಗ್ಗಿಸುವುದು, ಕೊರೆಯುವುದು ಬೇಡ, ಅದರ ಗುಣವೇ ಹೋಗುತ್ತದೆ. ಯಾವುದೂ ಆಗದಿದ್ದರೆ ಚಿತ್ರದ ವೇಗವನ್ನು ಕರೆಂಟಿನ ಆವರ್ತಕ್ಕೇ ಲಾಕ್ ಮಾಡಿ. ಸೊಟ್ಟ ಉಳಿದರೂ ನಿಂತಲ್ಲೇ ನಿಂತಿರುತ್ತದೆ, ಕಣ್ಣಿಗೆ ಬೀಳದು.

ಪ್ರಶ್ನೆ: ಪರದೆ ಸುಟ್ಟು ಕಲೆಯಾಗದಂತೆ ಏನು ಮಾಡಬೇಕು?

ಪ್ರಕಾಶ ತಗ್ಗಿಸಿ, ಕತ್ತಲ ಕೋಣೆಗೆ ಬೇಕಾದಷ್ಟೇ ಇರಲಿ. ನಿಮಿಷಕ್ಕೊಮ್ಮೆ ಇಡೀ ಚಿತ್ರವನ್ನು ಒಂದೆರಡು ಮಿಲಿಮೀಟರ್ ಸರಿಸಿ. ಮುಳ್ಳಿನ ಗಡಿಯಾರ ಬರೆಯುವವರು ಮುಳ್ಳುಗಳನ್ನು ನಟ್ಟನಡುವಿಗೆ ತಲುಪಿಸದೆ 3 ಮಿಲಿಮೀಟರ್ ಆಚೆಯೇ ನಿಲ್ಲಿಸಬೇಕು. ಮೂರೂ ಕೂಡುವ ಆ ಬಿಂದುವೇ ಮೊದಲು ಕಪ್ಪಾಗುವುದು. ಕೋಣೆಯಲ್ಲಿ ಯಾರೂ ಇಲ್ಲದಾಗ ಪಿಐಆರ್ (ಮನುಷ್ಯರ ಚಲನೆ ಗುರುತಿಸುವ) ಸೆನ್ಸರಿನಿಂದ ಹೀಟರ್ ಸಮೇತ ಆರಿಸಿ. ಮತ್ತೆ ಬೆಳಗಲು ಅರ್ಧ ನಿಮಿಷ ಹಿಡಿಯುತ್ತದೆ, ಅಷ್ಟೇ.

ಪ್ರಶ್ನೆ: ಸಮಯ ದಿನಕ್ಕೆ ಒಂದೆರಡು ಸೆಕೆಂಡ್ ಓಡುತ್ತದೆ. ಸಮಯ ಲೆಕ್ಕ ಇಡುವ ಚಿಪ್ ಡಿಎಸ್1307 ಹಾಕಿದ್ದೇನೆ.

20 ಪಿಪಿಎಂ (ಹತ್ತು ಲಕ್ಷಕ್ಕೆ 20) ಕ್ರಿಸ್ಟಲ್ ಎಂದರೆ ದಿನಕ್ಕೆ 1.7 ಸೆಕೆಂಡ್, ಲೆಕ್ಕ ಸರಿಯಾಗಿಯೇ ಇದೆ. ಟ್ಯೂಬಿನ ಬಿಸಿಗೆ ಇನ್ನೂ ಅತ್ತಿತ್ತ ಆಗುತ್ತದೆ. ಡಿಎಸ್3231 ಹಾಕಿ: ಬಿಸಿಯನ್ನು ತಾನೇ ಅಳೆದು ತಿದ್ದಿಕೊಳ್ಳುತ್ತದೆ, 0ರಿಂದ 40 ಡಿಗ್ರಿಯವರೆಗೆ 2 ಪಿಪಿಎಂ, ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ. ಅದನ್ನೂ ಹೀಟರಿನಿಂದ ದೂರ, ಪೆಟ್ಟಿಗೆಯ ತಳದಲ್ಲಿ ಕೂರಿಸಿ.